ಅತಿಮಾನುಷ ಬಲವೂ ಶರಣರ ನಿಲುವೂ

ಬಲವಿಲ್ಲದವನು ಬಲವನ್ನು ಬಯಸುವುದು ಲೋಕಸಹಜವಾದುದು. ರೋಗದಿಂದ ಜರ್ಜರಿತನಾದವನು ನೋವಿಲ್ಲದ ದೇಹವನ್ನು ಬಯಸುವನು. ಅನ್ಯಾಯಕ್ಕೆ ಸಿಕ್ಕಿ ನರಳುವವನು ಅನ್ಯಾಯಗಾರನನ್ನು ಒಂದೇ ಏಟಿಗೆ ಕೆಡಹುವ ತೋಳನ್ನು ಬಯಸುವನು. ಈ ಬಯಕೆಯು ಹಿಂದೆ ಅಜ್ಜಿಯ ಕಥೆಗಳಲ್ಲಿ ತೃಪ್ತಿ ಹೊಂದುತ್ತಿದ್ದಿತು. ಇಂದು ಅದು ವಿಜ್ಞಾನದ ಉಡುಪನ್ನು ತೊಟ್ಟು ಚಲಚ್ಚಿತ್ರಗಳಲ್ಲಿಯೂ, ಮನೆಮನೆಯ ದೂರದರ್ಶನದಲ್ಲಿಯೂ, ಮಕ್ಕಳ ಕೈಯ ಮೊಬೈಲಿನಲ್ಲಿಯೂ ಬಂದು ನಿಂತಿದೆ. ಆಕಾಶದಲ್ಲಿ ಹಾರುವ, ಗುಂಡೇಟಿಗೆ ನೋಯದ, ಬೆಟ್ಟವನ್ನು ಎತ್ತುವ ಇಂತಹ ನಾಯಕನನ್ನು ನಮ್ಮ ಮಕ್ಕಳು ‘ಸೂಪರ್‌ಹೀರೋ’ ಎಂದು ಕರೆಯುವರು. ಮಕ್ಕಳ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬಲ ಬಂದ ಮಾತ್ರಕ್ಕೆ ಮನುಷ್ಯನು ದೊಡ್ಡವನಾಗುವನೆ? ಬಲವಿಲ್ಲದವನು ಒಳಿತನ್ನು ಮಾಡಬೇಕಾದರೆ ಬಲ ಬರುವವರೆಗೆ ಕಾಯಬೇಕೆ? ಈ ಎರಡು ಪ್ರಶ್ನೆಗಳು ಆ ಕಥೆಗಳೊಳಗೆ ಅಡಗಿವೆ. ಇವು ಹಿರಿಯರಾದ ನಾವೂ ಉತ್ತರಿಸಬೇಕಾದ ಪ್ರಶ್ನೆಗಳು.

ಈಚೆಗೆ ಹುಣ್ಣಿಮೆಯ ಶಿವಾನುಭವ ಗೋಷ್ಠಿಯು ಮುಗಿದು ಪ್ರಸಾದವಾದ ಮೇಲೆ, ಮಠದ ಪಡಸಾಲೆಯಲ್ಲಿ ಇಬ್ಬರು ಮಿತ್ರರಲ್ಲಿ ಈ ವಿಷಯವಾಗಿ ವಾದವು ನಡೆಯಿತು. ಒಬ್ಬರು ಜವಳಿ ವ್ಯಾಪಾರಿಗಳು, ವಯಸ್ಸಿನಲ್ಲಿ ಹಿರಿಯರು. “ಇವೆಲ್ಲ ಶುದ್ಧ ಭ್ರಾಂತಿ. ಇವನ್ನು ನೋಡಿದ ಹುಡುಗನು ಪುಸ್ತಕವನ್ನು ಬಿಸುಟು ಮಾಳಿಗೆಯಿಂದ ಹಾರಲು ಹೋಗುತ್ತಾನೆ. ಮನೆಯೊಳಕ್ಕೆ ಇವನ್ನು ಬಿಡಲೇಬಾರದು” ಎಂಬುದು ಅವರ ಪಕ್ಷ. ಇನ್ನೊಬ್ಬನು ಎಂಜಿನಿಯರಿಂಗ್ ಓದುತ್ತಿರುವ ತರುಣ. “ಕಾಕಾ, ಈ ಕಥೆಗಳ ನಾಯಕನು ದುರ್ಬಲರನ್ನು ಕಾಪಾಡುತ್ತಾನಲ್ಲವೆ? ಅದು ಧರ್ಮವಲ್ಲದೆ ಮತ್ತೇನು? ಅಲ್ಲದೆ, ಜೋಳದ ರಾಶಿಯು ಮುತ್ತಿನ ರಾಶಿಯಾಯಿತೆಂದು ನಾವು ಪುರಾಣದಲ್ಲಿ ಕೇಳಿ ಕೈಮುಗಿಯುತ್ತೇವೆ. ನಮ್ಮಲ್ಲಿ ಪವಾಡವೆನಿಸಿದುದು ಅವರಲ್ಲಿ ಭ್ರಾಂತಿ ಹೇಗಾದೀತು?” ಎಂಬುದು ಅವನ ಪಕ್ಷ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ತರುಣನ ಪ್ರಶ್ನೆಯು ಸುಲಭವಾದುದೂ ಅಲ್ಲ. ಆದುದರಿಂದ ಅವರಿಬ್ಬರ ಮಾತನ್ನೂ ಪೂರ್ವಪಕ್ಷವಾಗಿಟ್ಟುಕೊಂಡು ಶರಣರ ಬೆಳಕಿನಲ್ಲಿ ವಿಚಾರ ಮಾಡೋಣ.

ಮೊದಲು ಹಿರಿಯರ ತಿರಸ್ಕಾರವನ್ನು ಪರಿಶೀಲಿಸುವ. ಈ ಬಗೆಯ ನಾಯಕರಿಗೆಲ್ಲ ಮೂಲಪುರುಷನೆನ್ನಬಹುದಾದ ಸೂಪರ್‌ಮ್ಯಾನ್ ೧೯೩೮ರಲ್ಲಿ ಅಮೆರಿಕದ ಒಂದು ಚಿತ್ರಕಥಾ ಪತ್ರಿಕೆಯಲ್ಲಿ ಅವತರಿಸಿದನು. ಅವನನ್ನು ಕಲ್ಪಿಸಿದವರು ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣ ಮಿತ್ರರು. ಕ್ಲೀವ್‌ಲ್ಯಾಂಡ್ ನಗರದ ಶಾಲೆಯಲ್ಲಿ ಒಟ್ಟಿಗೆ ಓದಿದವರು. ವಲಸೆ ಬಂದ ಯೆಹೂದ್ಯ ಕುಟುಂಬಗಳ ಮಕ್ಕಳು. ಸೀಗೆಲ್ಲನ ತಂದೆಗೆ ಅಲ್ಲಿ ಬಟ್ಟೆಯ ಅಂಗಡಿಯಿದ್ದಿತು. ೧೯೩೨ರಲ್ಲಿ ಕಳ್ಳರು ಆ ಅಂಗಡಿಗೆ ಬಂದಾಗ ಅವನು ಕುಸಿದು ಬಿದ್ದು ಪ್ರಾಣ ಬಿಟ್ಟನು. ಗುಂಡಿಗೂ ಅಂಜದ, ಗಾಯಕ್ಕೂ ಸಿಕ್ಕದ ಪುರುಷನ ಕಲ್ಪನೆಯು ತಂದೆಯನ್ನು ಕಳೆದುಕೊಂಡ ಮಗನ ದುಃಖದಿಂದ ಹುಟ್ಟಿರಬಹುದೆಂದು ಕೆಲವರು ಊಹಿಸಿದ್ದಾರೆ. ಆ ಮಿತ್ರರಿಬ್ಬರೂ ತಮ್ಮ ಕಲ್ಪನೆಯ ಹಕ್ಕನ್ನು ಕೇವಲ ೧೩೦ ಡಾಲರುಗಳಿಗೆ ಮಾರಿಕೊಂಡರು. ಸರ್ವಶಕ್ತನಾದ ನಾಯಕನನ್ನು ಸೃಷ್ಟಿಸಿದವರು ತಾವು ಮಾತ್ರ ಅಶಕ್ತರಾಗಿಯೇ ಉಳಿದರು. ಇದನ್ನು ತಿಳಿದವನು ಈ ಕಥೆಗಳನ್ನು ಕೇಳಿ ನಗಲಾರನು. ಇವುಗಳ ಬೇರಿನಲ್ಲಿ ಮನುಷ್ಯನ ನೋವು ಇದೆ. ನೋವಿರುವ ಕಡೆ ಶರಣರು ತಿರಸ್ಕಾರವನ್ನು ತೋರಿದವರಲ್ಲ. ದಯೆಯನ್ನು ತೋರಿ, ಅನಂತರ ದಾರಿಯನ್ನು ತೋರಿದರು.

ಇನ್ನು ಬಲದ ವಿಚಾರ. ನಮ್ಮ ಹಿರಿಯರಿಗೆ ಈ ಬಲಗಳು ಹೊಸವೇನೂ ಅಲ್ಲ. ಯೋಗಶಾಸ್ತ್ರವು ಅಣಿಮಾ, ಮಹಿಮಾ, ಗರಿಮಾ, ಲಘಿಮಾ, ಪ್ರಾಪ್ತಿ, ಪ್ರಾಕಾಮ್ಯ, ಈಶಿತ್ವ, ವಶಿತ್ವಗಳೆಂದು ಅಷ್ಟಸಿದ್ಧಿಗಳನ್ನು ಎಣಿಸಿದೆ. ೨೦೧೫ರಲ್ಲಿ ಬಂದ ‘ಆ್ಯಂಟ್-ಮ್ಯಾನ್’ ಚಿತ್ರದ ನಾಯಕನು ಇರುವೆಯಷ್ಟಾಗುವನು, ಅದು ಅಣಿಮಾ. ಕೋಪ ಬಂದೊಡನೆ ಹಸಿರು ದೈತ್ಯನಾಗಿ ಬೆಳೆಯುವ ಹಲ್ಕನದು ಮಹಿಮಾ. ಸೂಪರ್‌ಮ್ಯಾನನ ಹಾರಾಟವು ಲಘಿಮಾ. ಪರರ ಮನಸ್ಸನ್ನು ಹಿಡಿದು ನಡೆಸುವ ‘ಎಕ್ಸ್-ಮೆನ್’ ಕಥೆಯ ಪ್ರಾಧ್ಯಾಪಕನದು ವಶಿತ್ವ. ಯೋಗಿಯು ತಪಸ್ಸಿನಿಂದ ಪಡೆದುದನ್ನು ಇವರು ಯಂತ್ರದಿಂದಲೋ, ಕಿರಣದಿಂದಲೋ, ಕೀಟದ ಕಡಿತದಿಂದಲೋ ಪಡೆಯುವರು, ಅಷ್ಟೇ ಭೇದ. ಆದರೆ ಸಿದ್ಧಿಗಳನ್ನು ವರ್ಣಿಸಿದ ಪತಂಜಲಿಯೇ ಅದೇ ವಿಭೂತಿಪಾದದಲ್ಲಿ ಅವು ಸಮಾಧಿಗೆ ವಿಘ್ನಗಳೆಂದು ಎಚ್ಚರಿಸಿರುವನು. ಸಿದ್ಧಿಯು ಶುದ್ಧಿಯಲ್ಲವೆಂಬುದು ಪ್ರಾಚೀನರು ಕಂಡುಕೊಂಡ ಸತ್ಯ.

ಈ ಸತ್ಯವನ್ನು ನಮ್ಮ ಶೂನ್ಯಸಂಪಾದನೆಯು ಒಂದು ಮರೆಯಲಾಗದ ಪ್ರಸಂಗದಲ್ಲಿ ಇಟ್ಟುಕೊಟ್ಟಿದೆ. ಗೋರಕ್ಷನು ಸಿದ್ಧರಲ್ಲಿ ಸಿದ್ಧನು, ಅವನದು ವಜ್ರಕಾಯ. ಅಲ್ಲಮಪ್ರಭುದೇವರು ಎದುರಾದಾಗ ಅವನು ತನ್ನ ಸಿದ್ಧಿಯನ್ನು ಮೆರೆಯಲೆಂದು ಅವರ ಕೈಗೆ ಖಡ್ಗವನ್ನಿತ್ತು ತನ್ನನ್ನು ಹೊಡೆಯಲು ಹೇಳಿದನು. ಹೊಡೆದಾಗ ಖಣಿಲೆಂದು ಸದ್ದಾಯಿತೇ ಹೊರತು ಅವನ ಒಂದು ಕೂದಲೂ ಕೊಂಕಲಿಲ್ಲ. ಇಂದಿನ ಚಿತ್ರವಾಗಿದ್ದರೆ ಕಥೆಯು ಇಲ್ಲಿಗೆ ಮುಗಿಯುತ್ತಿತ್ತು. ನೆರೆದವರು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಪ್ರಭುದೇವರು ಅದೇ ಖಡ್ಗದಿಂದ ತಮ್ಮನ್ನೂ ಹೊಡೆಯೆಂದರು. ಗೋರಕ್ಷನು ಬೀಸಿದ ಖಡ್ಗವು ಬಯಲಲ್ಲಿ ಬೀಸಿದಂತೆ ಅವರ ಕಾಯದಲ್ಲಿ ಹಾಯ್ದುಹೋಯಿತು. ತಗುಲಲು ಅಲ್ಲಿ ‘ನಾನು’ ಎಂಬುದೇ ಇರಲಿಲ್ಲ. ಆಗ ಗೋರಕ್ಷನಿಗೆ ತಿಳಿಯಿತು: ಕಾಯವನ್ನು ಗಟ್ಟಿಮಾಡಿಕೊಂಡಷ್ಟೂ ಕಾಯದ ಅಭಿಮಾನವು ಗಟ್ಟಿಯಾಗುತ್ತದೆ. ವಜ್ರವಾದುದು ಬರಿಯ ಚರ್ಮವಲ್ಲ, ಅಹಂಕಾರವೂ ವಜ್ರವಾಗಿದ್ದಿತು. ಗೋರಕ್ಷನು ತಲೆಬಾಗಿ ಅನುಭಾವವನ್ನು ಬೇಡಿದನು. ಗುಂಡು ತಗುಲಿದರೂ ನೋಯದ ನಾಯಕನನ್ನು ತೆರೆಯ ಮೇಲೆ ಕಂಡಾಗಲೆಲ್ಲ ನಮಗೆ ಈ ಖಣಿಲೆಂಬ ಸದ್ದು ನೆನಪಾಗಬೇಕು.

ಇಲ್ಲಿ ತರುಣ ಮಿತ್ರನು ತಡೆದು ಕೇಳಿಯಾನು: “ಗೋರಕ್ಷನು ಮೆರೆಯಲೆಂದು ಬಲವನ್ನು ತೋರಿದನು, ಒಪ್ಪಿದೆ. ಪರರಿಗಾಗಿ ಬಳಸುವ ನಾಯಕನ ಮಾತೇನು?” ಸರಿಯಾದ ಪ್ರಶ್ನೆ. ಇದಕ್ಕೆ ಆ ಕಥೆಗಳೇ ಉತ್ತರವನ್ನು ಕೊಡುವವು. ೧೯೬೨ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಸೃಷ್ಟಿಸಿದ ಸ್ಪೈಡರ್‌ಮ್ಯಾನನ ಕಥೆಯನ್ನು ತೆಗೆದುಕೊಳ್ಳೋಣ. ೨೦೦೨ರ ಚಲಚ್ಚಿತ್ರದಿಂದ ಇದು ನಮ್ಮ ಹಳ್ಳಿಗಳಿಗೂ ತಲಪಿತು. ತಂದೆತಾಯಿಗಳಿಲ್ಲದೆ ಚಿಕ್ಕಪ್ಪ ಚಿಕ್ಕಮ್ಮರ ಆಶ್ರಯದಲ್ಲಿ ಬೆಳೆದ ಹುಡುಗನಿಗೆ ಜೇಡವೊಂದು ಕಚ್ಚಿ ಅದ್ಭುತವಾದ ಶಕ್ತಿಯು ಬರುವುದು. ಅವನು ಆ ಶಕ್ತಿಯಿಂದ ಹಣ ಗಳಿಸಲು ಹೊರಡುವನು. ಒಂದು ದಿನ ಕಳ್ಳನೊಬ್ಬನು ಅವನ ಎದುರಿನಲ್ಲಿಯೇ ಓಡುವಾಗ, ‘ಇದು ನನ್ನ ಕೆಲಸವಲ್ಲ’ ಎಂದು ಸರಿದು ನಿಲ್ಲುವನು. ಅದೇ ಕಳ್ಳನು ಮುಂದೆ ಅವನ ಚಿಕ್ಕಪ್ಪನನ್ನು ಕೊಲ್ಲುವನು. ದೊಡ್ಡ ಬಲಕ್ಕೆ ದೊಡ್ಡ ಹೊಣೆಯುಂಟೆಂಬುದು ಈ ಕಥೆಯ ನೀತಿಯೆಂದು ಎಲ್ಲರೂ ಹೇಳುವರು. ಆದರೆ ಇನ್ನೊಂದು ಮಾತು ಅಲ್ಲಿ ಅಡಗಿದೆ. ಆ ಕಳ್ಳನನ್ನು ತಡೆಯಲು ಜೇಡದ ಬಲವು ಬೇಕಿರಲಿಲ್ಲ. ಒಂದು ಕಾಲನ್ನು ಅಡ್ಡ ಇಟ್ಟಿದ್ದರೆ ಸಾಕಾಗುತ್ತಿತ್ತು. ಯಾವ ಸಾಮಾನ್ಯ ಹುಡುಗನೂ ಅದನ್ನು ಮಾಡಬಲ್ಲನು. ಬಲವು ತುಂಬಿದ್ದಾಗಲೂ ಅವನಲ್ಲಿ ಇಲ್ಲದೆ ಹೋದುದು ‘ಇದು ನನ್ನ ಕೆಲಸ’ ಎಂಬ ಅರಿವು. ಹೊಣೆಯು ಬಲದಿಂದ ಹುಟ್ಟುವುದಾದರೆ ಬಲವಿಲ್ಲದವನಿಗೆ ಹೊಣೆಯಿಲ್ಲವೆಂದಾಗುವುದು. ಶರಣರು ಅದನ್ನು ಒಪ್ಪರು. ಅವರ ಮತದಲ್ಲಿ ಹೊಣೆಯು ಕಣ್ಣೆದುರಿನ ಜೀವದಿಂದ ಹುಟ್ಟುವುದು.

ಬಲವನ್ನು ಪರರಿಗಾಗಿಯೇ ಮೀಸಲಿಟ್ಟವನಿಗೂ ಮಮಕಾರದ ಪರೀಕ್ಷೆಯು ತಪ್ಪದು. ೧೯೭೮ರ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಮನುಷ್ಯರ ಇತಿಹಾಸದಲ್ಲಿ ಕೈಹಾಕಬಾರದೆಂದು ಅವನ ತಂದೆಯು ವಿಧಿಸಿರುವನು. ಆದರೆ ತಾನು ಪ್ರೀತಿಸಿದವಳು ಭೂಕಂಪದಲ್ಲಿ ಸತ್ತಾಗ ಅವನು ಆ ವಿಧಿಯನ್ನು ಮೀರಿ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಅವಳನ್ನು ಬದುಕಿಸುವನು. ಪ್ರೇಕ್ಷಕನ ಕಣ್ಣಲ್ಲಿ ನೀರು ಬರುವುದು. ನಮ್ಮ ಕಣ್ಣಲ್ಲಿಯೂ ಬಂದೀತು. ಆದರೆ ಅಂದು ಬೇರೆಯವರ ಮನೆಯಲ್ಲಿ ಸಾವು ಸಂಭವಿಸಿದ್ದರೆ ಕಾಲವು ತಿರುಗುತ್ತಿತ್ತೆ? ಬಲವಿಲ್ಲದ ನಮ್ಮ ಮಮಕಾರವು ಮನೆಯ ಗೋಡೆಯೊಳಗೆ ನಿಲ್ಲುವುದು. ಬಲವುಳ್ಳವನ ಮಮಕಾರವು ಲೋಕದ ನಡೆಯನ್ನೇ ಬದಲಿಸುವುದು. ಬೀಜವು ಒಂದೇ, ಹೊಲವು ದೊಡ್ಡದು.

ನಮ್ಮ ನೆರೆಯ ಕೇರಳದಲ್ಲಿ ತಯಾರಾಗಿ ೨೦೨೧ರ ಡಿಸೆಂಬರಿನಲ್ಲಿ ತೆರೆಕಂಡ ‘ಮಿನ್ನಲ್ ಮುರಳಿ’ ಎಂಬ ಮಲಯಾಳ ಚಿತ್ರವು ಈ ಮಾತನ್ನು ಇನ್ನೂ ಸ್ಪಷ್ಟಪಡಿಸುವುದು. ಒಂದು ಹಳ್ಳಿ, ಅಲ್ಲಿ ಬಟ್ಟೆ ಹೊಲಿಯುವ ಜೈಸನ್ ಎಂಬ ಯುವಕ, ಹುಚ್ಚನೆಂದು ಊರವರು ದೂರವಿಟ್ಟ ಶಿಬು ಎಂಬ ಬಡವ. ಒಂದೇ ರಾತ್ರಿ ಇಬ್ಬರಿಗೂ ಸಿಡಿಲು ಬಡಿದು ಸಮಾನವಾದ ಶಕ್ತಿಯು ಬರುವುದು. ಹೊಲಿಗೆಯವನು ಮೊದಮೊದಲು ತನ್ನ ಅವಮಾನದ ಸೇಡಿಗೆ ಆ ಶಕ್ತಿಯನ್ನು ಬಳಸಿದರೂ ಕ್ರಮೇಣ ಊರನ್ನು ಕಾಯುವವನಾಗುವನು. ಇನ್ನೊಬ್ಬನು ತಾನು ಬಹುಕಾಲದಿಂದ ಪ್ರೀತಿಸಿದ ಒಬ್ಬಳಿಗಾಗಿ ಮಾತ್ರ ಬದುಕಿದವನು. ಅವಳನ್ನು ಕಳೆದುಕೊಂಡಾಗ ಅವನ ಪ್ರೀತಿಯೇ ಉರಿಯಾಗಿ ಊರನ್ನೇ ಸುಡಲು ಹೊರಡುವುದು. ಸಿಡಿಲು ಇಬ್ಬರಲ್ಲಿ ಭೇದವನ್ನು ಎಣಿಸಲಿಲ್ಲ. ಭೇದವು ಸಿಡಿಲು ಬೀಳುವ ಮೊದಲೇ ಇದ್ದಿತು. ಒಬ್ಬನಿಗೆ ಒಂದು ಮನೆಯಿದ್ದಿತು, ಅಕ್ಕರೆಯವರಿದ್ದರು, ಕೈಯಲ್ಲಿ ಸೂಜಿಯ ಕಾಯಕವಿದ್ದಿತು. ಇನ್ನೊಬ್ಬನನ್ನು ಊರು ಎಂದೂ ತನ್ನವನೆನ್ನಲಿಲ್ಲ. ‘ಇವನಾರವ’ ಎಂದು ಕೇಳಿ ಹೊರಗಿಟ್ಟ ಊರಿಗೆ ಅವನ ಉರಿಯಲ್ಲಿ ಪಾಲಿಲ್ಲವೆ? ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರರಿದ್ದರು. ಬಟ್ಟೆ ಹೊಲಿಯುವವರಿಗೂ ಅನುಭಾವಿಗಳ ಸಾಲಿನಲ್ಲಿ ಸ್ಥಾನವನ್ನಿತ್ತ ಸಮಾಜವದು. ಹೊರಗಿಟ್ಟವನನ್ನು ಒಳಗೆ ಕರೆದುಕೊಂಡರೆ ಅರ್ಧದಷ್ಟು ರಾಕ್ಷಸರು ಹುಟ್ಟುವುದೇ ಇಲ್ಲ.

ಬಲ ಮತ್ತು ಅಹಂಕಾರಗಳ ಸಂಬಂಧವು ಅತಿ ಘೋರವಾಗಿ ತೋರುವುದು ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಬಂದ ‘ಅವೆಂಜರ್ಸ್’ ಚಿತ್ರಗಳಲ್ಲಿ. ಅಲ್ಲಿ ಥಾನೋಸ್ ಎಂಬವನು ಆರು ಮಣಿಗಳನ್ನು ಸಂಪಾದಿಸಿ ಚಿಟಿಕೆ ಹೊಡೆದು ವಿಶ್ವದ ಜೀವಿಗಳಲ್ಲಿ ಅರ್ಧವನ್ನು ಇಲ್ಲವಾಗಿಸುವನು. ಅವನಿಗೆ ಯಾರ ಮೇಲೂ ದ್ವೇಷವಿಲ್ಲ. ‘ಉಣ್ಣುವವರು ಹೆಚ್ಚು, ಅನ್ನವು ಕಡಿಮೆ, ಅರ್ಧದಷ್ಟು ಜನ ಹೋದರೆ ಉಳಿದವರು ಸುಖವಾಗಿರುವರು’ ಎಂಬುದು ಅವನ ಲೆಕ್ಕ. ಇದನ್ನು ನೋಡಿದ ನಮ್ಮ ಮಕ್ಕಳೇ ಒಂದು ಪ್ರಶ್ನೆಯನ್ನು ಕೇಳುವುದುಂಟು: ಅಷ್ಟು ಬಲವಿದ್ದವನು ಅನ್ನವನ್ನೇ ಎರಡರಷ್ಟು ಮಾಡಬಹುದಿತ್ತಲ್ಲ? ಮಕ್ಕಳ ಈ ಪ್ರಶ್ನೆಯಲ್ಲಿ ದಾಸೋಹದ ತತ್ತ್ವವೇ ಇದೆ. ಬಲವನ್ನು ತನ್ನದೆಂದು ಹಿಡಿದವನಿಗೆ ಎದುರಿನವನು ಲೆಕ್ಕದ ಅಂಕಿಯಾಗಿ ಕಾಣುವನು. ಅಂಕಿಯನ್ನು ಅಳಿಸುವುದು ಸುಲಭ. ಸೋಹಂ ಎಂಬವನು ತಾನೇ ಅಳತೆಗೋಲಾಗಿ ನಿಲ್ಲುವನು. ದಾಸೋಹಂ ಎಂಬವನು ಪಂಕ್ತಿಯಲ್ಲಿ ಕುಳಿತವರನ್ನು ಕಂಡು ಅನ್ನ ಸಾಲದೆಂದರೆ ತನ್ನ ತುತ್ತನ್ನು ಕಡಮೆಮಾಡಿಕೊಳ್ಳುವನು; ಪಂಕ್ತಿಯಿಂದ ಯಾರನ್ನೂ ಎಬ್ಬಿಸಲಾರನು. ನಮ್ಮ ಮಠಗಳ ಅಡುಗೆಮನೆಯಲ್ಲಿ ದಿನವೂ ನಡೆಯುವುದು ಥಾನೋಸನ ವಾದಕ್ಕೆ ಉತ್ತರವೇ ಆಗಿದೆ.

ಇನ್ನು ಉಳಿದುದು ಪವಾಡದ ಪ್ರಶ್ನೆ. ತರುಣನು ಹೇಳಿದುದು ನಿಜ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ೧೩೬೯ರಲ್ಲಿ ಭೀಮಕವಿಯು ಕನ್ನಡದಲ್ಲಿ ರಚಿಸಿದ ಬಸವಪುರಾಣದಲ್ಲಿಯೂ ಪವಾಡಗಳು ತುಂಬಿವೆ. ಅವನ್ನು ಅಕ್ಷರಶಃ ನಂಬುವವರೂ ಇದ್ದಾರೆ, ಸಂಕೇತವೆಂದು ತಿಳಿಯುವವರೂ ಇದ್ದಾರೆ. ಆ ವಿವಾದವನ್ನು ಇಲ್ಲಿ ಎತ್ತದೆ, ಪವಾಡವನ್ನು ಹೇಳಿದ ಕಥೆಯು ಕೊನೆಗೆ ಯಾವುದನ್ನು ಮೆಚ್ಚುತ್ತದೆಂಬುದನ್ನು ನೋಡಿದರೆ ಸಾಕು. ಮೋಳಿಗೆಯ ಮಾರಯ್ಯನವರ ಕಥೆಯು ಎಲ್ಲರಿಗೂ ತಿಳಿದುದು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಜಂಗಮದಾಸೋಹವನ್ನು ನಡೆಸಿದ ದಂಪತಿಗಳವರು. ಬಸವಣ್ಣನವರು ಅವರ ಮನೆಯಲ್ಲಿ ಅಂಬಲಿಯನ್ನು ಸವಿದು, ಅವರ ಬಡತನಕ್ಕೆ ಮರುಗಿ, ಹೊನ್ನನ್ನು ಗುಟ್ಟಾಗಿ ಇಟ್ಟು ಬಂದರು. ಮಾರಯ್ಯನವರು ಆ ಹೊನ್ನನ್ನು ಜಂಗಮರಿಗೆ ಹಂಚಿ, ಅವರ ಪಾದೋದಕವನ್ನು ಕಟ್ಟಿಗೆಯ ಹೊರೆಯ ಮೇಲೆ ಚಿಮುಕಿಸಲು ಕಟ್ಟಿಗೆಯೆಲ್ಲ ಹೊನ್ನಾಯಿತಂತೆ. ಕಥೆಯ ಮರ್ಮವು ಕಟ್ಟಿಗೆ ಹೊನ್ನಾದುದರಲ್ಲಿಲ್ಲ. ಹೊನ್ನು ಮಾಡಬಲ್ಲವರು ಮರುದಿನವೂ ಕೊಡಲಿ ಹಿಡಿದು ಅಡವಿಗೆ ನಡೆದರೆಂಬುದರಲ್ಲಿದೆ. ಬಲವು ಬಾಗಿಲಲ್ಲಿ ಕಾದಿದ್ದರೂ ಅದನ್ನು ಒಳಕ್ಕೆ ಕರೆಯದೆ ಕಾಯಕವನ್ನು ಬಿಡದಿದ್ದವರು ಅವರು.

ಆಯ್ದಕ್ಕಿ ಲಕ್ಕಮ್ಮನವರ ಕಥೆಯು ಇದಕ್ಕಿಂತಲೂ ಸರಳ, ಇದಕ್ಕಿಂತಲೂ ತೀಕ್ಷ್ಣ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ; ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದರು. ಸೂಪರ್‌ಹೀರೋ ಕಥೆಯಲ್ಲಿ ನಾಯಕನಿಗೆ ಇದ್ದಕ್ಕಿದ್ದಂತೆ ಹೆಚ್ಚು ದೊರೆಯುವುದೇ ಆರಂಭ. ಶರಣರ ಕಥೆಯಲ್ಲಿ ಹೆಚ್ಚು ದೊರೆತಾಗ ಅದನ್ನು ಹಿಂದಿರುಗಿಸುವುದೇ ಮಹಿಮೆ. ಪವಾಡಕ್ಕೂ ಈ ಚಿತ್ರಗಳಿಗೂ ಇರುವ ಅಂತರವು ಇದೇ: ಶರಣನು ಪವಾಡದ ಒಡೆಯನಲ್ಲ. ಅದು ನಡೆದರೆ ಲಿಂಗದ ಲೀಲೆ, ನಡೆಯದಿದ್ದರೆ ಅವನ ಭಕ್ತಿಗೆ ಕುಂದಿಲ್ಲ. ಬಲವನ್ನು ಕಳೆದ ಸೂಪರ್‌ಹೀರೋವಿಗೆ ಕಥೆಯೇ ಇಲ್ಲವಾಗುವುದು. ಪವಾಡವನ್ನು ತೆಗೆದಿಟ್ಟರೂ ಲಕ್ಕಮ್ಮನವರ ಕಥೆಯು ಪೂರ್ಣವಾಗಿಯೇ ಉಳಿಯುವುದು.

ಹಾಗಾದರೆ ಬಲವೇ ಬೇಡವೆ? ದುರ್ಬಲನಾಗಿರುವುದೇ ಧರ್ಮವೆ? ಎಂದು ಕೇಳಬಹುದು. ಶರಣರು ದೌರ್ಬಲ್ಯವನ್ನು ಕೊಂಡಾಡಿದವರಲ್ಲ. ಅರಸನೆದುರು ಸತ್ಯವನ್ನು ನುಡಿಯಲು, ಕುಲದ ಗೋಡೆಯನ್ನು ಕೆಡವಲು ಎದೆಗಾರಿಕೆಯು ಬೇಕು, ಅದು ಅವರಲ್ಲಿದ್ದಿತು. ವೈದ್ಯನು ವರ್ಷಗಟ್ಟಲೆ ಕಲಿತು ರೋಗವನ್ನು ಗೆಲ್ಲುವುದೂ, ವಿಜ್ಞಾನಿಯು ದುಡಿದು ಮಳೆಯ ಮುನ್ಸೂಚನೆಯನ್ನು ರೈತನಿಗೆ ಮುಟ್ಟಿಸುವುದೂ ಬಲವೇ. ಆದರೆ ಇವು ಬೆವರಿನಿಂದ ಬಂದವು. ಬರುವಾಗಲೇ ಸಂಯಮವನ್ನು ಜೊತೆಗೆ ತಂದವು. ಸಿಡಿಲಿನಂತೆ ಒಮ್ಮೆಗೇ ಬಂದ ಬಲಕ್ಕೆ ಈ ಸಂಗಾತಿಯಿಲ್ಲ. ಇಂದು ಯಂತ್ರಗಳು ನಮ್ಮೆಲ್ಲರ ಕೈಗೂ ಹಿಂದಿನ ಸಿದ್ಧರಿಗಿಲ್ಲದ ಸಿದ್ಧಿಗಳನ್ನು ಕೊಟ್ಟಿವೆ. ಕೋಣೆಯಲ್ಲಿ ಕುಳಿತ ಹುಡುಗನು ಕ್ಷಣದಲ್ಲಿ ಸಾವಿರ ಮನೆಗಳಿಗೆ ಮಾತನ್ನು ಮುಟ್ಟಿಸಬಲ್ಲನು. ತಾನು ಕಾಣಿಸಿಕೊಳ್ಳದೆಯೇ ಒಬ್ಬರ ಮಾನವನ್ನು ಕಳೆಯಬಲ್ಲನು. ಆದುದರಿಂದ ಈ ವಿಚಾರವು ತೆರೆಯ ಮೇಲಿನ ನಾಯಕರದು ಮಾತ್ರವಲ್ಲ.

ಗೃಹಸ್ಥರಾದ ವಾಚಕರು ಏನು ಮಾಡಬೇಕು? ಹಿರಿಯ ಮಿತ್ರರು ಹೇಳಿದಂತೆ ಬಾಗಿಲು ಮುಚ್ಚುವುದರಿಂದ ಪ್ರಯೋಜನವಿಲ್ಲ. ಮುಚ್ಚಿದ ಬಾಗಿಲ ಆಚೆಯ ವಸ್ತುವಿಗೆ ರುಚಿ ಹೆಚ್ಚು. ಮಗುವಿನೊಡನೆ ಕುಳಿತು ನೋಡಿರಿ. ಚಿತ್ರವು ಮುಗಿದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಕೇಳಿರಿ: “ಮಗೂ, ಈ ನಾಯಕನು ಮಾಡಿದ ಒಳಿತಿನಲ್ಲಿ, ಹಾರಲು ಬಾರದ ನೀನು ಮಾಡಬಹುದಾದುದು ಯಾವುದು?” ಅದು ಯೋಚಿಸಿ ಹೇಳಲಿ. ಓಡುವ ಕಳ್ಳನಿಗೆ ಅಡ್ಡ ನಿಲ್ಲುವುದು ಅದರಿಂದಾಗದಿದ್ದರೂ ಕೂಗಿ ಹಿರಿಯರನ್ನು ಕರೆಯುವುದು ಆಗುವುದು. ತರಗತಿಯಲ್ಲಿ ಎಲ್ಲರೂ ನಗುವ ಹುಡುಗನ ಪಕ್ಕದಲ್ಲಿ ಕುಳಿತು ಬುತ್ತಿಯನ್ನು ಹಂಚಿಕೊಳ್ಳುವುದು ಆಗುವುದು. ಹಾಗೆ ಒಬ್ಬನು ಕುಳಿತಿದ್ದರೆ ಆ ಹಳ್ಳಿಯ ಶಿಬುವಿನ ಕಥೆಯು ಬೇರೆಯಾಗುತ್ತಿತ್ತೋ ಏನೋ.

ಮತ್ತೊಂದು ಮಾತನ್ನು ಗೃಹಸ್ಥರು ಮರೆಯಬಾರದು. ಸೂಪರ್‌ಮ್ಯಾನನಿಗೆ ಬಲವು ಬಂದುದು ಹುಟ್ಟಿನಿಂದ ಮತ್ತು ಸೂರ್ಯನಿಂದ. ಆದರೆ ಅವನು ಆ ಬಲವನ್ನು ಲೋಕದ ಮೇಲೆ ಹೇರದೆ ಲೋಕಕ್ಕೆ ಸವೆಸಿದುದು ಕಾನ್ಸಾಸ್ ಎಂಬ ಪ್ರಾಂತದ ಒಬ್ಬ ರೈತ ದಂಪತಿಗಳಿಂದ. ಬಿದ್ದ ಕೂಸನ್ನು ಎತ್ತಿಕೊಂಡು, ‘ಇವ ನಮ್ಮವ’ ಎಂದು ಸಾಕಿ, ಹೊಲದ ಕೆಲಸದ ನಡುವೆ ಸರಿತಪ್ಪುಗಳನ್ನು ಕಲಿಸಿದವರು ಅವರು. ಅವರಿಗೆ ಹಾರಲು ಬಾರದು. ಅವರ ಮೈಗೆ ಗುಂಡು ತಗುಲಿದರೆ ಸಾಯುವರು. ಆದರೂ ಆ ಕಥೆಯಲ್ಲಿ ಅತ್ಯಂತ ದೊಡ್ಡ ಕೆಲಸವನ್ನು ಮಾಡಿದವರು ಅವರೇ. ಅಮೆರಿಕದ ಕಥೆಗಾರರು ಅರಿತೋ ಅರಿಯದೆಯೋ ಬರೆದ ಈ ಮಾತು ನಮ್ಮ ಶರಣಧರ್ಮಕ್ಕೆ ಸಮೀಪವಾದುದು. ಮನೆಯ ಒಲೆಯ ಮುಂದೆ ಕಲಿಸಿದ ಆಚಾರವು ಅಷ್ಟಸಿದ್ಧಿಗಳಿಗಿಂತ ಮೇಲು. ನಾಳೆ ನಮ್ಮ ಮಕ್ಕಳ ಕೈಗೆ ಎಂತಹ ಬಲವು ಬರುವುದೋ ನಾವು ಹೇಳಲಾರೆವು. ಅದು ನಮ್ಮ ವಶದಲ್ಲಿಲ್ಲ. ಬರುವ ಮೊದಲು ಅವರ ಮನಸ್ಸನ್ನು ಹದಮಾಡಿಡುವುದು ಮಾತ್ರ ನಮ್ಮ ಕಾಯಕ. ಆ ಕಾಯಕಕ್ಕೆ ಇಂದಿನ ಕೈಗಳೇ ಸಾಕು.